ಪೆಡಲ್ ಪೂರ್ತಿ ಒತ್ತಿದರೂ ಕ್ಲಚ್ ಕಟ್ ಆಗುತ್ತಿಲ್ಲ, ರಿವರ್ಸ್ ಹಾಕಿದರೆ ಕರಕರ ಸದ್ದು

ಪ್ರಶ್ನೆ

ಹೈಡ್ರಾಲಿಕ್ ಕ್ಲಚ್ ಇರುವ ಪೆಟ್ರೋಲ್ ಕಾರು, ಸ್ಲೇವ್ ಸಿಲಿಂಡರ್ (ಎಣ್ಣೆಯ ಒತ್ತಡದಿಂದ ಕ್ಲಚ್ ಬಿಡಿಸುವ ಸಿಲಿಂಡರ್) ಗೇರ್‌ಬಾಕ್ಸಿನ ಹೊರಗಿದೆ. ಎಂಜಿನ್ ಓಡುತ್ತಿರುವಾಗ ಫಸ್ಟ್ ಗೇರ್ ಬಲವಾಗಿ ತಳ್ಳಿದರೆ ಮಾತ್ರ ಬೀಳುತ್ತದೆ. ರಿವರ್ಸ್ ಹಾಕಿದರೆ ಹಲ್ಲು ಉಜ್ಜುವ ಸದ್ದು. ಎಂಜಿನ್ ಆಫ್ ಮಾಡಿದರೆ ಎಲ್ಲ ಗೇರೂ ಸಲೀಸು. ಪೆಡಲನ್ನು ಎರಡು ಮೂರು ಸಲ ಬೇಗಬೇಗ ತುಳಿದರೆ ಸ್ವಲ್ಪ ಹೊತ್ತು ಸರಿಹೋಗುತ್ತದೆ. ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಸೆಟ್ ಹಾಕಬೇಕು ಎನ್ನುತ್ತಿದ್ದಾರೆ. ಅದಕ್ಕೂ ಮೊದಲು ಏನು ನೋಡಬೇಕು?

ಉತ್ತರ 1

ಈಗಲೇ ಗೇರ್‌ಬಾಕ್ಸ್ ಇಳಿಸಬೇಡಿ. ಎಂಜಿನ್ ಆಫ್ ಇದ್ದಾಗ ಗೇರ್ ಸಲೀಸಾಗಿ ಬೀಳುತ್ತದೆ ಅಂದರೆ ಗೇರ್ ಲಿವರಿನ ಕೇಬಲ್, ಲಿಂಕೇಜ್ ಬಹುಮಟ್ಟಿಗೆ ಸರಿಯಿವೆ. ಪಂಪ್ ಮಾಡಿದಾಗ ಸುಧಾರಿಸುತ್ತದೆ ಅಂದರೆ ತೊಂದರೆ ಹೆಚ್ಚಾಗಿ ಹೈಡ್ರಾಲಿಕ್ ಕಡೆಯದು: ಲೈನಿನಲ್ಲಿ ಗಾಳಿ, ಇಲ್ಲವೇ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಸಿಲಿಂಡರ್) ರಬ್ಬರ್ ಸೀಲ್ ಸವೆದಿರುವುದು. ಕ್ಲಚ್ ಪ್ಲೇಟ್ (ಎಂಜಿನ್ನಿನ ತಿರುಗುವಿಕೆಯನ್ನು ಗೇರ್‌ಬಾಕ್ಸಿಗೆ ಕೊಡುವ ತಟ್ಟೆ) ಬಾಗಿದ್ದರೆ ಎಷ್ಟು ಪಂಪ್ ಮಾಡಿದರೂ ಅಷ್ಟೇ.

ಮೊದಲು ಕ್ಲಚ್ ಎಳೆಯುತ್ತಿದೆ (ಪೆಡಲ್ ಒತ್ತಿದರೂ ಪೂರ್ತಿ ಬಿಡುತ್ತಿಲ್ಲ) ಎಂಬುದು ಖಚಿತವಾಗಲಿ. ಮುಂದೆ ಹಿಂದೆ ಖಾಲಿ ಜಾಗವಿರುವ ಸಮತಟ್ಟು ನೆಲ, ಹ್ಯಾಂಡ್‌ಬ್ರೇಕ್, ಕಾಲು ಬ್ರೇಕ್ ಮೇಲೆ. ಐಡಲಿನಲ್ಲಿ ಪೆಡಲ್ ಪೂರ್ತಿ ಒತ್ತಿ, ಸುಮಾರು 10 ಸೆಕೆಂಡ್ ಕಾದು ರಿವರ್ಸ್ ಹಾಕಿ. ಬಹಳಷ್ಟು ಗೇರ್‌ಬಾಕ್ಸ್‌ಗಳಲ್ಲಿ ರಿವರ್ಸ್‌ಗೆ ಸಿಂಕ್ರೊ (ಗೇರ್ ಬೀಳುವ ಮೊದಲು ವೇಗ ಹೊಂದಿಸುವ ಭಾಗ) ಇರುವುದಿಲ್ಲ. ಒತ್ತಿದ ಕೂಡಲೇ ಹಾಕಿದರೆ ಒಳಗಿನ ಶಾಫ್ಟ್ ಇನ್ನೂ ತಿರುಗುತ್ತಿರುವುದರಿಂದ ಒಳ್ಳೆಯ ಕ್ಲಚ್ಚಿನಲ್ಲೂ ಸದ್ದು ಬರಬಹುದು. ಅಷ್ಟು ಕಾದ ಮೇಲೂ ಉಜ್ಜಿದರೆ ಪ್ಲೇಟ್ ಎಳೆಯುತ್ತಿದೆ ಎಂದೇ ಅರ್ಥ.

ನೆಲದ ಮ್ಯಾಟ್ ಮಡಚಿ ಪೆಡಲ್ ಅಡಿಯಲ್ಲಿ ಸಿಕ್ಕಿದೆಯಾ ನೋಡಿ. ಸಣ್ಣ ವಿಷಯ, ಆದರೆ ಪೆಡಲಿನಲ್ಲಿ ಒಂದು ಇಂಚು ಹೋದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ.

ಆಮೇಲೆ ಮುಖ್ಯವಾದ ಅಳತೆ. ಎಂಜಿನ್ ಆಫ್, ನ್ಯೂಟ್ರಲ್, ಚಕ್ರಗಳಿಗೆ ಅಡ್ಡ ಕೊಡಿ. ಒಬ್ಬರು ಪೆಡಲ್ ಒತ್ತಲಿ, ಇನ್ನೊಬ್ಬರು ಸ್ಲೇವಿನ ಪುಷ್‌ರಾಡ್ (ತಳ್ಳುವ ಕಡ್ಡಿ) ಎಷ್ಟು ಹೊರಬರುತ್ತದೆ ಎಂದು ಸ್ಕೇಲ್ ಹಿಡಿದು ನೋಡಲಿ; ಬೆರಳು ಫೋರ್ಕಿನ (ಆ ರಾಡ್ ತಳ್ಳುವ ಲಿವರ್) ಹತ್ತಿರ ಬೇಡ. ಕಾರಿನಡಿ ಹೋಗಬೇಕಾದರೆ ಬರೀ ಜ್ಯಾಕ್ ನಂಬಬೇಡಿ, ಸ್ಟ್ಯಾಂಡ್ ಇಡಿ. ಸಾಮಾನ್ಯವಾಗಿ 10ರಿಂದ 15 ಮಿ.ಮೀ. ಬರಬೇಕು, ನಿಮ್ಮ ಕಾರಿನ ನಿಖರ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಕ್ಲಚ್ ಕಟ್ ಆದಾಗಲೂ ಪ್ಲೇಟಿನ ಪಕ್ಕ ಸಿಗುವ ಸಂದು ಒಂದು ಮಿಲಿಮೀಟರಿಗೂ ಕಡಿಮೆ. ಹಾಗಾಗಿ ಸ್ಲೇವಿನಲ್ಲಿ 3 ಮಿ.ಮೀ. ಕಡಿಮೆಯಾದರೆ ಸಾಕು, ಗೇರ್ ಬೀಳದು. ಮೊದಲ ಒತ್ತಿಗೆ ಎಷ್ಟು, ಪಂಪ್ ಮಾಡಿದ ಮೇಲೆ ಎಷ್ಟು, ಒತ್ತಿ ಹಿಡಿದಾಗ ಒಂದು ನಿಮಿಷದಲ್ಲಿ ಎಷ್ಟು ಹಿಂದೆ ಸರಿಯುತ್ತದೆ, ಈ ಮೂರನ್ನೂ ಬರೆಯಿರಿ.

ಕೇಳಿದವರು

ಮೊದಲ ಒತ್ತಿಗೆ 7 ಮಿ.ಮೀ., ಪಂಪ್ ಮಾಡಿದರೆ 11. ಒತ್ತಿ ಹಿಡಿದರೆ ಒಂದು ನಿಮಿಷದೊಳಗೆ 8ಕ್ಕೆ ಇಳಿಯುತ್ತದೆ. ಸ್ಲೇವಿನ ರಬ್ಬರ್ ಬೂಟ್ ಎತ್ತಿ ನೋಡಿದೆ, ಒಣಗಿದೆ. ಪೆಡಲ್ ಮೇಲ್ಗಡೆ ಮಾಸ್ಟರಿನ ಹತ್ತಿರವೂ ಎಣ್ಣೆ ಇಲ್ಲ.

ಉತ್ತರ 1

ಒತ್ತಿ ಹಿಡಿದಾಗ ಹಿಂದೆ ಸರಿಯುತ್ತಿದೆ, ಹೊರಗೆಲ್ಲೂ ಸೋರಿಕೆ ಇಲ್ಲ ಎಂದಾದರೆ ಮಾಸ್ಟರಿನ ಒಳಸೀಲ್ ದಾಟಿ ಎಣ್ಣೆ ಡಬ್ಬಿಗೆ ವಾಪಸ್ ಹೋಗುತ್ತಿದೆ. ಬರೀ ಗಾಳಿಯಾಗಿದ್ದರೆ ಪೆಡಲ್ ಮೆತ್ತಗಿರುತ್ತಿತ್ತು, ಆದರೆ ಹೀಗೆ ಜಾರುತ್ತಿರಲಿಲ್ಲ. ಸಿಲಿಂಡರಿನ ಒಳಗೋಡೆ ನುಣುಪಾಗಿದ್ದರೆ ಸೀಲ್ ಕಿಟ್ ಸಾಕು. ಉಗುರಿಗೆ ಸಿಗುವಷ್ಟು ಗೀರು ಅಥವಾ ತುಕ್ಕಿನ ಗುಳಿ ಇದ್ದರೆ ಪೂರ್ತಿ ಮಾಸ್ಟರ್ ಬದಲಾಯಿಸಿ, ಹೊಸ ಸೀಲೂ ಅಲ್ಲಿ ಬೇಗ ಹರಿಯುತ್ತದೆ.

ಬ್ಲೀಡ್ ಮಾಡುವಾಗ (ಲೈನಿನ ಗಾಳಿ ತೆಗೆಯುವಾಗ) ಎಣ್ಣೆ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯದೇ ಬ್ರೇಕ್ ಫ್ಲೂಯಿಡ್, ಡಾಟ್ 3 ಅಥವಾ ಡಾಟ್ 4, ಹೊಸ ಡಬ್ಬಿ ಒಡೆಯಿರಿ. ಅರ್ಧ ಲೀಟರ್ ಸಾಕು. ಸ್ಲೇವಿನ ನಿಪ್ಪಲಿಗೆ (ಗಾಳಿ ಬಿಡುವ ಸಣ್ಣ ತಿರುಪು) ಪಾರದರ್ಶಕ ಪೈಪ್ ಹಾಕಿ, ಇನ್ನೊಂದು ತುದಿ ಬಾಟಲಿಯಲ್ಲಿ ಎಣ್ಣೆಯೊಳಗೆ ಮುಳುಗಿರಲಿ. ಪೆಡಲ್ ನಿಧಾನ ಒತ್ತಿ ಹಿಡಿದು, ನಿಪ್ಪಲ್ ಅರ್ಧ ಸುತ್ತು ಬಿಚ್ಚಿ, ಮುಚ್ಚಿದ ಮೇಲೇ ಪೆಡಲ್ ಬಿಡಿ. ದಡದಡ ಪಂಪ್ ಮಾಡಿದರೆ ಗಾಳಿ ಸಣ್ಣ ಗುಳ್ಳೆಗಳಾಗಿ ಒಡೆದು ಹೊರಬರಲು ಇನ್ನಷ್ಟು ಹೊತ್ತು ಹಿಡಿಯುತ್ತದೆ. ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿಯಾದರೆ ಕ್ಲಚ್ಚಿನ ಪೈಪ್ ಮೇಲ್ಮಟ್ಟದಲ್ಲಿರುತ್ತದೆ. ಮಟ್ಟ ಇಳಿದರೆ ಮೊದಲು ಗಾಳಿ ಹೀರುವುದು ಕ್ಲಚ್ಚೇ, ಆದ್ದರಿಂದ ನಡುನಡುವೆ ತುಂಬಿಸುತ್ತಿರಿ. ಎಣ್ಣೆ ಪೇಂಟಿನ ಮೇಲೆ ಬಿದ್ದರೆ ತಕ್ಷಣ ನೀರು ಸುರಿಯಿರಿ.

ಉತ್ತರ 2

ಒಂದು ಎಚ್ಚರಿಕೆ ಸೇರಿಸುತ್ತೇನೆ. ಕೆಲವರು ಸೀಲ್ ಹಾಕುವ ಬದಲು ಮಾಸ್ಟರಿನ ಪುಷ್‌ರಾಡನ್ನು ಉದ್ದ ಮಾಡಿ ಕೊಟ್ಟುಬಿಡುತ್ತಾರೆ. ಗೇರ್ ಆಗ ಬೀಳುತ್ತದೆ, ನಿಜ. ಆದರೆ ಪೆಡಲ್ ಬಿಟ್ಟಾಗ ರಾಡಿಗೂ ಪಿಸ್ಟನ್ನಿಗೂ ನಡುವೆ ತುಸು ಸಡಿಲ ಉಳಿಯಲೇಬೇಕು. ಅದಿಲ್ಲದಿದ್ದರೆ ಎಣ್ಣೆ ಹಿಂದಿರುಗುವ ರಂಧ್ರ ಮುಚ್ಚಿಯೇ ಇರುತ್ತದೆ, ಎಣ್ಣೆ ಬಿಸಿಯಾಗಿ ಹಿಗ್ಗಿದಾಗ ಒತ್ತಡ ಒಳಗೇ ನಿಂತು ಕ್ಲಚ್ ಜಾರುತ್ತದೆ. ಚೆನ್ನಾಗಿದ್ದ ಪ್ಲೇಟ್ ಸುಟ್ಟುಹೋಗುವುದು ಹೀಗೆ.

ಮತ್ತೊಬ್ಬರ ಪ್ರಶ್ನೆ

ನಮ್ಮದು ಕೇಬಲ್ ಕ್ಲಚ್. ಹೊಸ ಪ್ಲೇಟ್ ಹಾಕಿದ ದಿನದಿಂದಲೇ ಇದೇ ತೊಂದರೆ. ಫೋರ್ಕ್ ಪೂರ್ತಿ ಚಲಿಸುತ್ತದೆ.

ಉತ್ತರ 2

ಕೇಬಲ್ ಪೆಡಲಿನ ಆಟ (ಒತ್ತಲು ಶುರುಮಾಡಿದಾಗಿನ ಸಡಿಲ) ಮ್ಯಾನ್ಯುಯಲ್ ಹೇಳಿದಷ್ಟಿದೆಯಾ ನೋಡಿ. ಎಂಜಿನ್ನಿನ ಅರ್ಥ್ ವೈರ್ (ಎಂಜಿನ್ನಿನಿಂದ ಕರೆಂಟ್ ವಾಪಸ್ ಹೋಗುವ ತಂತಿ) ಗಟ್ಟಿಯಿದೆಯಾ ನೋಡಿ. ಅದು ಕಡಿದಿದ್ದರೆ ಸ್ಟಾರ್ಟರಿನ ಕರೆಂಟ್ ಕ್ಲಚ್ ಕೇಬಲ್ ಮೂಲಕ ಹರಿದು ಒಳಗಿನ ಲೈನರ್ ಕರಗುತ್ತದೆ. ಆದರೆ ಫೋರ್ಕ್ ಪೂರ್ತಿ ಚಲಿಸುತ್ತಿದ್ದೂ ಎಳೆಯುತ್ತಿದೆ ಎಂದರೆ ಈ ಸಲ ಗೇರ್‌ಬಾಕ್ಸ್ ಇಳಿಸಲೇಬೇಕು.

ಮೊದಲ ಅನುಮಾನ ಪ್ಲೇಟ್ ತಿರುಗುಮುರುಗು ಕೂತಿರುವುದು. ಹಾಗಾದರೆ ಹಬ್ಬಿನ (ಪ್ಲೇಟಿನ ನಡುಭಾಗ) ಉಬ್ಬು ಫ್ಲೈವೀಲ್ (ಎಂಜಿನ್ ತುದಿಯ ಭಾರದ ಚಕ್ರ) ಬೋಲ್ಟುಗಳಿಗೆ ತಾಗಿ ಉಜ್ಜಿದ ಹೊಳಪು ಗುರುತು ಸಿಗುತ್ತದೆ. ಎರಡನೆಯದು, ಜೋಡಿಸುವಾಗ ಗೇರ್‌ಬಾಕ್ಸಿನ ಭಾರವನ್ನು ಶಾಫ್ಟಿನ ಮೇಲೆ ಬಿಟ್ಟು ಪ್ಲೇಟ್ ಬಾಗಿರುವುದು: ಶಾಫ್ಟಿನ ಮೇಲೆ ತಿರುಗಿಸಿ ಅಂಚಿನಲ್ಲಿ ಡಯಲ್ ಗೇಜ್ (ಓಲಾಟ ಅಳೆಯುವ ಮುಳ್ಳಿನ ಮಾಪಕ) ಇಡಿ, 1 ಮಿ.ಮೀ. ಹತ್ತಿರ ಓಲಾಡಿದರೆ ತೆಗೆದಿಡಿ. ಸ್ಪ್ಲೈನ್ (ಶಾಫ್ಟಿನ ಉದ್ದುದ್ದ ಹಲ್ಲುಗಳು) ಮೇಲೆ ಪ್ಲೇಟ್ ಕೈಬೆರಳಲ್ಲೇ ಜಾರಬೇಕು. ತುಕ್ಕು ಬ್ರಷ್ ಮಾಡಿ, ಗ್ರೀಸ್ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿಬಿಡಿ, ಇಲ್ಲದಿದ್ದರೆ ಅದು ಲೈನಿಂಗಿಗೆ ಎರಚಿ ಕ್ಲಚ್ ನಡುಗುತ್ತದೆ. ಪೈಲಟ್ ಬೇರಿಂಗ್ (ಶಾಫ್ಟಿನ ತುದಿಗೆ ಎಂಜಿನ್ ಕಡೆ ಆಧಾರ ಕೊಡುವ ಸಣ್ಣ ಬೇರಿಂಗ್) ಇರುವ ಕಾರಾದರೆ ಬೆರಳಿಟ್ಟು ತಿರುಗಿಸಿ ನೋಡಿ. ಅದು ಹಿಡಿದುಕೊಂಡಿದ್ದರೆ ಪ್ಲೇಟ್ ಎಷ್ಟೇ ಚೆನ್ನಾಗಿ ಬಿಟ್ಟರೂ ಶಾಫ್ಟ್ ಎಂಜಿನ್ ಜೊತೆಗೇ ತಿರುಗುತ್ತದೆ.