ಫಿಂಚ್ ಹಕ್ಕಿಗಳು ಮೊಟ್ಟೆ ಇಡುತ್ತವೆ, ಮರಿ ಮಾತ್ರ ಉಳೀತಿಲ್ಲ. ಸಾಕಿದವರು ಹೇಳಿ

ಮನೆಯ ಏವಿಯರಿಯಲ್ಲಿ (ಹಕ್ಕಿಗಳು ಹಾರಾಡುವಂಥ ದೊಡ್ಡ ಪಂಜರ) ಮೂರು ಜೋಡಿ ಝೀಬ್ರಾ ಫಿಂಚ್ ಇವೆ, ಮೂರು ಗೂಡು ಇಟ್ಟಿದ್ದೇನೆ. ಮೊಟ್ಟೆಗೇನೂ ಬರ ಇಲ್ಲ. ಆದರೆ ಎಷ್ಟೋ ಮೊಟ್ಟೆ ಗೂಡು ಕಟ್ಟೋಕೆ ಹಾಕಿದ ನಾರಿನಡಿ ಹೂತುಹೋಗಿರುತ್ತವೆ, ಒಡೆದು ಬಂದ ಮರಿಗಳೂ ನೆಲದ ಮೇಲೆ ಬಿದ್ದಿರುತ್ತವೆ. ಏನು ಮಾಡೋದು?

*

ಮೊದಲು ಆ ನಾರನ್ನು ಹೊರಗೆ ತೆಗೆಯಿರಿ. ಗಂಡಿಗೆ ಗೂಡು ಕಟ್ಟೋದು ಒಂದು ಚಟ, ನಾರು ಸಿಗುತ್ತಿರುವಷ್ಟು ದಿನವೂ ತಂದು ತುಂಬುತ್ತಲೇ ಇರುತ್ತದೆ. ಇಟ್ಟ ಮೊಟ್ಟೆಯ ಮೇಲೆ ಹಾಸಿಗೆ ಬೀಳುತ್ತದೆ, ಹೆಣ್ಣು ಅದರ ಮೇಲೆ ಮತ್ತೆ ಮೊಟ್ಟೆ ಇಡುತ್ತದೆ, ಕೆಳಗಿನವು ಕಾವಿಲ್ಲದೆ ಹಾಳಾಗುತ್ತವೆ. ಮೊದಲ ಮೊಟ್ಟೆ ಕಂಡ ದಿನವೇ ಏವಿಯರಿಯಲ್ಲಿ ಒಂದೆಳೆ ನಾರೂ ಉಳಿಯಬಾರದು. ಕೊಡುವಾಗಲೂ ಬೆರಳುದ್ದ ಕತ್ತರಿಸಿಯೇ ಕೊಡಿ, ಉದ್ದ ಎಳೆ ಕಾಲಿಗೆ ಸುತ್ತಿಕೊಂಡರೆ ಕಾಲೇ ಹೋಗಬಹುದು.

ಮೂರು ಜೋಡಿಗೆ ಮೂರು ಗೂಡು ಸಾಲಲ್ಲ. ಆರು ಇಡಿ, ಎಲ್ಲವೂ ಒಂದೇ ಎತ್ತರದಲ್ಲಿರಲಿ. ಒಂದು ಗೂಡು ಸ್ವಲ್ಪ ಮೇಲಿದ್ದರೂ ಎಲ್ಲವಕ್ಕೂ ಅದೇ ಬೇಕು, ಆ ಜಗಳದಲ್ಲಿ ಮೊಟ್ಟೆ ಮರಿ ಎರಡೂ ಹೋಗುತ್ತವೆ.

*

ಮರಿ ಬೀಳೋದಕ್ಕೆ ನನ್ನ ಅನುಮಾನ ಊಟದ ಮೇಲೆ. ಮರಿಯ ಕತ್ತಿನ ಪಕ್ಕ ನೋಡಿ. ಚರ್ಮ ಎಷ್ಟು ತೆಳು ಅಂದರೆ ಗುಟುಕು ಸಿಕ್ಕಿದ್ದರೆ ಕತ್ತಿನ ಚೀಲದೊಳಗಿನ ಕಾಳು ಒಂದೊಂದಾಗಿ ಕಾಣುತ್ತವೆ. ಸಂಜೆ ಹೊತ್ತಿಗೂ ಆ ಚೀಲ ಖಾಲಿ ಇದ್ದರೆ ಅಪ್ಪ ಅಮ್ಮ ತಿನ್ನಿಸುತ್ತಿಲ್ಲ ಅಂತಲೇ ಅರ್ಥ. ಬರೀ ಒಣ ಕಾಳಿನಲ್ಲಿ ಮರಿ ಬೆಳೆಸೋದು ಅವಕ್ಕೂ ಕಷ್ಟ. ಕಾವು ಕೂತು 12ರಿಂದ 14 ದಿನಕ್ಕೆ ಮರಿ ಬರುತ್ತದೆ, ಅದಕ್ಕೆ ಸ್ವಲ್ಪ ಮೊದಲಿಂದಲೇ ಬೇಯಿಸಿದ ಕೋಳಿಮೊಟ್ಟೆಯನ್ನು ಸಿಪ್ಪೆ ಸಮೇತ ಪುಡಿ ಮಾಡಿ ಇಡಿ. ಒಂದೆರಡು ಗಂಟೆ ಬಿಟ್ಟು ಉಳಿದದ್ದು ತೆಗೆದುಬಿಡಿ, ಬೇಗ ಹಳಸುತ್ತದೆ.

ಬಿದ್ದ ಮರಿ ತಣ್ಣಗಾಗಿದ್ದರೆ ಅಂಗೈಯಲ್ಲಿ ಮುಚ್ಚಿ ಬೆಚ್ಚಗೆ ಮಾಡಿ ವಾಪಸ್ ಗೂಡಿಗೆ ಹಾಕಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸಲ್ಲ ಅನ್ನೋದೆಲ್ಲ ಸುಮ್ನೆ. ಆದರೆ ಗಳಿಗೆಗೊಮ್ಮೆ ಗೂಡಿಗೆ ಇಣುಕಬೇಡಿ, ಅದಕ್ಕೆ ಮಾತ್ರ ನಿಜವಾಗಿಯೂ ಹೆದರುತ್ತವೆ.

*

ಸುಣ್ಣದ ಅಂಶಕ್ಕೆ ಹಕ್ಕಿಗಳು ಕುಕ್ಕೋ ಕಟಲ್ ಬೋನ್ (ಕಟಲ್ ಫಿಶ್ ಎಂಬ ಕಡಲ ಜೀವಿಯ ಬಿಳಿ ಚಿಪ್ಪು) ಇದೆಯಾ? ಇಲ್ಲದಿದ್ದರೆ ಇವತ್ತೇ ಸಿಗಿಸಿ. ಸುಣ್ಣದ ಅಂಶ ಕಮ್ಮಿಯಾದರೆ ಮೊಟ್ಟೆ ಹೊಟ್ಟೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಹೆಣ್ಣು ಪುಕ್ಕ ಉಬ್ಬಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ನೆಲದಲ್ಲಿ ಕೂತಿದ್ದರೆ ನಾಳೆ ನೋಡೋಣ ಅನ್ನಬೇಡಿ. ತಕ್ಷಣ ಬೆಚ್ಚಗಿನ ಜಾಗಕ್ಕೆ ತಂದು ಹಕ್ಕಿ ನೋಡುವ ಡಾಕ್ಟರಿಗೆ ತೋರಿಸಿ.

*

ಮೇಲೆ ಹೇಳಿದ್ದೆಲ್ಲ ಸರಿ, ಆದರೆ ನಿಮ್ಮ ಹಕ್ಕಿಗಳಿಗೆ ಈಗ ಬೇಕಾಗಿರೋದು ರಜೆ. ಝೀಬ್ರಾ ಫಿಂಚ್ ತಾನಾಗಿ ನಿಲ್ಲಿಸೋ ಜಾತಿ ಅಲ್ಲ, ಗೂಡು ಇರುವವರೆಗೆ ಮೊಟ್ಟೆ ಇಡುತ್ತಲೇ ಇರುತ್ತದೆ. ಹೊಸ ಸೂಲಿನ ಆತುರದಲ್ಲಿ ಹಳೇ ಮರಿಗಳನ್ನು ಎಳೆದು ಹಾಕೋದೂ ಉಂಟು. ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು ಸೂಲು ಸಾಕು. ಈಗ ಗೂಡಿನಲ್ಲಿ ಮರಿ ಇಲ್ಲದಿದ್ದರೆ ಎಲ್ಲ ಗೂಡೂ ಇಳಿಸಿ, ಕೆಲವು ತಿಂಗಳು ಹಾಗೇ ಬಿಡಿ. ಮುಂದೆ ಮರಿಗಳು ಹಾರಿ ಹೊರಗೆ ಬಂದ ಮೇಲೆ ಕೊಕ್ಕು ಗಮನಿಸಿ, ಮೊದಲು ಕಪ್ಪಿರುತ್ತದೆ. ಅದು ಕಿತ್ತಳೆ ಬಣ್ಣಕ್ಕೆ ತಿರುಗಿ, ತಾವೇ ಕಾಳು ಸುಲಿದು ತಿನ್ನುತ್ತಿದ್ದರೆ ಬೇರೆ ಪಂಜರಕ್ಕೆ ಹಾಕಿ. ಇಲ್ಲದಿದ್ದರೆ ಮೂರು ತಿಂಗಳಿಗೆಲ್ಲ ಒಡಹುಟ್ಟಿದವೇ ಜೋಡಿಯಾಗುತ್ತವೆ.

ಅಂದ ಹಾಗೆ ಏವಿಯರಿ ಎಷ್ಟು ಉದ್ದ ಇದೆ, ಹೇಳಲೇ ಇಲ್ವಲ್ಲ? ಇವು ಅಡ್ಡಡ್ಡ ಹಾರೋ ಹಕ್ಕಿಗಳು, ಬರೀ ಎತ್ತರ ಇದ್ದರೆ ಪ್ರಯೋಜನ ಇಲ್ಲ.