ಪದ ಬೇಕಾಗಿದೆ: ಪೈಲಟ್‌ಗಳ ಸೀನಿಯಾರಿಟಿಗೆ ‘ಹಿರಿತನ’ ಅಂದರೆ ಸರಿಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಎರಡು ವಿಮಾನ ಕಂಪನಿಗಳು ಒಂದಾದಾಗ ಪೈಲಟ್‌ಗಳ ಸೀನಿಯಾರಿಟಿ ಪಟ್ಟಿಗಳನ್ನು ಹೇಗೆ ಸೇರಿಸುತ್ತಾರೆ ಅಂತ ಒಂದು ಲೇಖನ ಬರೆಯುತ್ತಿದ್ದೇನೆ. ಹೆಚ್ಚಿನಂಶ ಅಮೆರಿಕದ ಕಥೆ. ವಿಷಯಕ್ಕೆ ಬರ ಇಲ್ಲ, ಪದಗಳು ಕೈಕೊಡುತ್ತಿವೆ. ಅದರಲ್ಲೂ ಸೀನಿಯಾರಿಟಿ ಅನ್ನುವ ಮೊದಲ ಪದವೇ.

ಸರ್ಕಾರಿ ಕನ್ನಡದಲ್ಲಿ ‘ಜ್ಯೇಷ್ಠತಾ ಪಟ್ಟಿ’ ಸಿದ್ಧವಾಗಿಯೇ ಇದೆ. ಇನ್ನೂ ಸರಳವಾಗಿ ಬೇಕೆಂದರೆ ‘ಸೇವಾ ಹಿರಿತನ’. ಎರಡರಲ್ಲೂ ವಯಸ್ಸೋ ವರ್ಷವೋ ಒಳಗೆ ಸೇರಿಕೊಂಡಿದೆ, ಅಲ್ವಾ? ಪೈಲಟ್‌ಗಳ ಪಟ್ಟಿಯಲ್ಲಿ ನಿಜಕ್ಕೂ ಬೆಲೆ ಇರುವುದು ಒಂದು ನಂಬರಿಗೆ. ಯಾವ ವಿಮಾನ, ಎಡಗಡೆಯ ಕ್ಯಾಪ್ಟನ್ ಸೀಟೋ ಬಲಗಡೆಯದೋ, ಯಾವ ಊರು, ಹಬ್ಬಕ್ಕೆ ರಜೆ ಸಿಗುತ್ತದೋ ಇಲ್ಲವೋ, ಎಲ್ಲ ಆ ನಂಬರಿನ ಮೇಲೆ. ಕಂಪನಿಗೆ ಕಷ್ಟ ಬಂದರೆ ಜನರನ್ನು ಕಳಿಸುವುದು ಪಟ್ಟಿಯ ಕೆಳಗಿನಿಂದ. ಈ ನಂಬರನ್ನು ಬೇರೆ ಕಂಪನಿಗೆ ಒಯ್ಯುವಂತಿಲ್ಲ. ಇಪ್ಪತ್ತು ವರ್ಷ ಕ್ಯಾಪ್ಟನ್ ಆಗಿದ್ದವರೂ ಹೊಸ ಕಡೆ ಹೋದರೆ ಕೊನೆಯ ನಂಬರಿನಿಂದಲೇ ಶುರು.

ಒಂದೇ ಕಂಪನಿಯಲ್ಲಿ ಇರುವವರೆಗೆ ತಲೆಬಿಸಿ ಇಲ್ಲ. ಮೊದಲು ಸೇರಿದವರು ಮೇಲೆ, ವರ್ಷವೂ ನಂಬರೂ ಒಟ್ಟಿಗೇ ಹೋಗುತ್ತವೆ. ಎರಡು ಕಂಪನಿ ಸೇರಿದಾಗ ಇವೆರಡೂ ಬೇರೆಬೇರೆ ಆಗುತ್ತವೆ. ಜಗಳ ಹುಟ್ಟುವುದೇ ಅಲ್ಲಿ.

ನನ್ನ ಲೇಖನದ ನಡುಭಾಗದಲ್ಲಿ ಇರುವುದು ಯುಎಸ್ ಏರ್‌ವೇಸ್ ಮತ್ತು ಅಮೆರಿಕಾ ವೆಸ್ಟ್ ಪ್ರಕರಣ. 2005ರಲ್ಲಿ ಒಂದಾದವು. ಯುಎಸ್ ಏರ್‌ವೇಸ್ ಹಳೆಯದು, ಪೂರ್ವ ಕರಾವಳಿಯದು, ಆ ಹೊತ್ತಿಗೆ ಎರಡನೇ ಸಲ ದಿವಾಳಿಯಾಗಿತ್ತು. ಅಮೆರಿಕಾ ವೆಸ್ಟ್ ಅರಿಜೋನಾದ್ದು, ಚಿಕ್ಕದು, ಅಲ್ಲಿನ ಪೈಲಟ್‌ಗಳೂ ಹೊಸಬರು. ಪೂರ್ವದವರು ಕೆಲಸಕ್ಕೆ ಸೇರಿದ ದಿನಾಂಕದ ಪ್ರಕಾರ ಪಟ್ಟಿ ಮಾಡಿ ಅಂದರು. ಪಶ್ಚಿಮದವರು ಒಪ್ಪಲಿಲ್ಲ. ‘ನಿಮ್ಮಲ್ಲಿ ಸಾವಿರಾರು ಜನ ಕೆಲಸವಿಲ್ಲದೆ ಮನೆಯಲ್ಲಿದ್ದರು, ನಾವು ಹಾರಾಡುತ್ತಿದ್ದೆವು, ಈಗ ನೀವು ಬಂದು ನಮ್ಮ ತಲೆ ಮೇಲೆ ಕೂರುವುದು ಹೇಗೆ?’ ಅನ್ನುವುದು ಅವರ ವಾದದ ಸಾರ.

ಮಧ್ಯಸ್ಥಗಾರ ಜಾರ್ಜ್ ನಿಕೊಲಾವ್ 2007ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟರು. ಮೇಲಿನ 517 ಜಾಗ ಪೂರ್ವದವರಿಗೆ, ಯಾಕೆಂದರೆ ಖಂಡಾಂತರ ಹಾರುವ ದೊಡ್ಡ ವಿಮಾನಗಳು ಅವರ ಹತ್ತಿರ ಮಾತ್ರ ಇದ್ದವು. ಕೆಲಸ ಕಳೆದುಕೊಂಡು ಮನೆಯಲ್ಲಿದ್ದ ಪೂರ್ವದ ಸುಮಾರು 1,700 ಜನ ಪಟ್ಟಿಯ ತಳಕ್ಕೆ. ಮಿಕ್ಕವರನ್ನು ಎರಡೂ ಕಡೆಯಿಂದ ಅನುಪಾತದಲ್ಲಿ ಹೆಣೆದರು. ಹದಿನೈದು ವರ್ಷಕ್ಕಿಂತ ಹಿಂದೆ ಸೇರಿದ್ದವರು, ಕೆಲವೇ ತಿಂಗಳ ಹಿಂದೆ ಸೇರಿದವರಿಗಿಂತ ಕೆಳಗೆ ಬಿದ್ದರು.

ಇದನ್ನು ಕನ್ನಡದಲ್ಲಿ ಹೇಗೆ ಬರೆಯಲಿ? ‘ಹಿರಿಯ ಪೈಲಟ್‌ಗಳನ್ನು ಕಿರಿಯರ ಕೆಳಗೆ ಹಾಕಿದರು’ ಅಂತ ಬರೆದೆ ಅನ್ನಿ, ಓದುಗ ಆಗಲೇ ಪೂರ್ವದವರ ಪಕ್ಷ ಸೇರಿಬಿಡುತ್ತಾನೆ. ನಮ್ಮಲ್ಲಿ ಹಿರಿಯರನ್ನು ಕೆಳಗೆ ಕೂರಿಸುವುದು ಅಂದರೆ ಅವಮಾನವೇ. ಪಶ್ಚಿಮದವರ ವಾದಕ್ಕೆ ಆ ವಾಕ್ಯದಲ್ಲಿ ಜಾಗವೇ ಇಲ್ಲ. ಯಾರು ಹಿರಿಯರು ಅನ್ನುವುದೇ ವ್ಯಾಜ್ಯ ಆಗಿರುವಾಗ, ನಾನು ಆರಿಸುವ ಪದ ತೀರ್ಪು ಕೊಡಬಾರದು.

ಸದ್ಯಕ್ಕೆ ನನಗೆ ಹೊಳೆದಿದ್ದು ‘ಸರತಿ’. ಸರತಿ ಪಟ್ಟಿ, ಸರತಿ ನಂಬರ್. ಸೇರಿದ ವರ್ಷಕ್ಕೆ ‘ಹಿರಿತನ’, ಸಾಲಿನಲ್ಲಿ ಇರುವ ಜಾಗಕ್ಕೆ ‘ಸರತಿ’. ಆಗ ‘ಹಿರಿತನ ಜಾಸ್ತಿ ಇದ್ದವರಿಗೂ ಸರತಿ ಕೆಳಗೆ ಸಿಕ್ಕಿತು’ ಅಂತ ಬರೆಯಬಹುದು. ವಾಕ್ಯ ಯಾರ ಪರವೂ ವಾಲುವುದಿಲ್ಲ. ಒಂದು ಅನುಮಾನ ಉಳಿದಿದೆ. ಸರತಿ, ಸರದಿ ಅಂದರೆ ನಮ್ಮ ಕಿವಿಗೆ ‘ಇವತ್ತು ನಿನ್ನದು, ನಾಳೆ ನನ್ನದು’ ಅಂತಲೂ ಕೇಳುತ್ತದೆ. ಪೈಲಟ್‌ಗಳ ಪಟ್ಟಿಯಲ್ಲಿ ಹಾಗೆ ಸುತ್ತು ಬರುವುದಿಲ್ಲ. ಮೇಲಿನವರು ನಿವೃತ್ತರಾಗುವವರೆಗೆ ಮೇಲೇ ಇರುತ್ತಾರೆ. ಈ ಗೊಂದಲ ದೊಡ್ಡದೋ ಸಣ್ಣದೋ, ನೀವು ಹೇಳಬೇಕು.

ಇನ್ನುಳಿದ ಪದಗಳು ಇಷ್ಟು ಕಷ್ಟದವಲ್ಲ.

ಒಂದು ಕಂಪನಿಯ ಪಟ್ಟಿಯನ್ನು ಇನ್ನೊಂದರ ಕೆಳಗೆ ಹಾಗೇ ಸೇರಿಸಿಬಿಡುವುದಕ್ಕೆ ಅಮೆರಿಕದ ಪೈಲಟ್‌ಗಳು ಸ್ಟೇಪಲ್ ಮಾಡುವುದು ಅನ್ನುತ್ತಾರೆ. ನಮ್ಮ ಆಫೀಸುಗಳಲ್ಲಿ ‘ಪಿನ್ ಹೊಡೆಯುವುದು’ ಅಂತೀವಲ್ಲ, ಅದೇ. 2001ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಟಿಡಬ್ಲ್ಯುಎ ಕಂಪನಿಯನ್ನು ಕೊಂಡಾಗ ಅಲ್ಲಿನ ಅರ್ಧಕ್ಕಿಂತ ಹೆಚ್ಚು ಪೈಲಟ್‌ಗಳಿಗೆ ಹೀಗೆ ತಳದಲ್ಲಿ ಪಿನ್ ಬಿತ್ತು. ಅದೇ ವರ್ಷ ಸೆಪ್ಟೆಂಬರ್ 11ರ ದಾಳಿ ಆಯಿತು, ಕಂಪನಿಗಳು ಜನರನ್ನು ಕಳಿಸತೊಡಗಿದವು, ಕೆಳಗಿನಿಂದ. ಟಿಡಬ್ಲ್ಯುಎ ನೆಲೆ ಇದ್ದದ್ದು ಮಿಸ್ಸೌರಿಯ ಸೇಂಟ್ ಲೂಯಿಸ್‌ನಲ್ಲಿ. ಆ ರಾಜ್ಯದ ಇಬ್ಬರು ಸೆನೆಟರ್‌ಗಳಾದ ಮೆಕ್ಯಾಸ್ಕಿಲ್ ಮತ್ತು ಬಾಂಡ್ ಹಟ ಹಿಡಿದು 2007ರಲ್ಲಿ ಕಾನೂನು ತಂದರು. ಪಟ್ಟಿ ಸೇರಿಸುವುದು ನ್ಯಾಯವಾಗಿರಬೇಕು, ಒಪ್ಪಂದ ಆಗದಿದ್ದರೆ ಮಧ್ಯಸ್ಥಿಕೆಗೆ ಹೋಗಬೇಕು ಅಂತ. ‘ಪಿನ್ ಹೊಡೆದರು’ ಅಂತಲೇ ಬರೆಯುವ ಆಸೆ ನನಗೆ. ಲೇಖನಕ್ಕೆ ತೀರಾ ಹಗುರಾಯಿತೇ?

ಫರ್ಲೋ. ನಮ್ಮ ಪತ್ರಿಕೆ ಓದುವವರಿಗೆ ಫರ್ಲೋ ಅಂದರೆ ಜೈಲಿನಿಂದ ಕೈದಿಗೆ ಸಿಗುವ ರಜೆ. ಪೈಲಟ್‌ಗಳ ಫರ್ಲೋ ಬೇರೆ. ಸಂಬಳ ಇಲ್ಲ, ಆದರೆ ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ, ಕಂಪನಿ ಮತ್ತೆ ಕರೆಯುವಾಗ ಪಟ್ಟಿಯ ಪ್ರಕಾರವೇ ಕರೆಯಬೇಕು. ‘ಲೇಆಫ್’ ಸಾಕು ಅನ್ನಿಸಿದೆ. ಈಚೆಗೆ ಐಟಿಯವರು ಆ ಪದವನ್ನು ಕೆಲಸ ಪೂರ್ತಿ ಹೋಗುವುದಕ್ಕೆ ಬಳಸುತ್ತಿರುವುದರಿಂದ ಅದೂ ಕಲಸಿಹೋಗಿದೆ.

ವಿಲೀನದ ನಂತರ ಇಂತಿಷ್ಟು ವರ್ಷ ಒಂದು ಊರಿನ ಅಥವಾ ಒಂದು ಬಗೆಯ ವಿಮಾನದ ಕೆಲಸವನ್ನು ಹಳೆಯ ಕಂಪನಿಯವರಿಗೇ ಬಿಡುವ ಷರತ್ತಿಗೆ ಅವರ ಪದ ಬೇಲಿ. ಕನ್ನಡದಲ್ಲೂ ಬೇಲಿಯೇ ಚೆನ್ನಾಗಿದೆ. ‘ಟವೆಲ್ ಹಾಕುವುದು’ ಅಂತ ಬರೆಯೋಣ ಅನ್ನಿಸಿತ್ತು, ಆದರೆ ಟವೆಲ್ ಹಾಕಲು ಯಾರ ಒಪ್ಪಿಗೆಯೂ ಬೇಡ. ಬಿಟ್ಟೆ.

ಹಳಬರಿಗೆ ಒಂದು ವಿಶೇಷ ಕೋರಿಕೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು, ಕೊಡಗಿನ ನೌಕರರನ್ನು ಒಂದೇ ಪಟ್ಟಿಗೆ ತಂದರಲ್ಲ, ಅಲ್ಲಿ ಇದೇ ಸಮಸ್ಯೆ ಎದ್ದಿತ್ತು. ಮೊದಲು ಯಾವ ಹುದ್ದೆಗೆ ಯಾವುದು ಸಮ ಅಂತ ಗೊತ್ತುಮಾಡಿದರು: ಕೆಲಸದ ಬಗೆ, ಅಧಿಕಾರ, ಕನಿಷ್ಠ ಓದು, ಸಂಬಳ ನೋಡಿ. ಆಮೇಲೆ ಸೇವೆಯ ಲೆಕ್ಕ. ಪೈಲಟ್‌ಗಳಲ್ಲೂ ಮೊದಲು ಸೀಟು, ವಿಮಾನ ನೋಡಿ ಗುಂಪು ಮಾಡಿ, ಆಮೇಲೆ ಹೆಣೆಯುವ ಒಂದು ಕ್ರಮ ಇದೆ. ಆ ಕಾಲದ ನೌಕರರು ಕೋರ್ಟು ಕಚೇರಿ ಅಲೆಯುವಾಗ ಇದಕ್ಕೆಲ್ಲ ತಮ್ಮತಮ್ಮಲ್ಲಿ ಏನನ್ನುತ್ತಿದ್ದರು? ಮನೆಯಲ್ಲಿ ಅಜ್ಜನೋ ಅಪ್ಪನೋ ಆಡಿದ ಮಾತು ನೆನಪಿದ್ದರೆ ದಯವಿಟ್ಟು ಬರೆಯಿರಿ. ಗೆಜೆಟ್ಟಿನ ಪದಕ್ಕಿಂತ ಅದು ಬೇಕು.

ಹಾಗೇ, ಬೆಂಗಳೂರಿನಲ್ಲೇ ನೆಲೆ ಇದ್ದ ಎಐಎಕ್ಸ್ ಕನೆಕ್ಟ್, ಅಂದರೆ ಹಿಂದಿನ ಏರ್‌ಏಷ್ಯಾ ಇಂಡಿಯಾ, 2024ರ ಅಕ್ಟೋಬರ್ 1ರಂದು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಜೊತೆ ಸೇರಿತು. ಅಲ್ಲಿ ಕೆಲಸ ಮಾಡುವ ಕನ್ನಡದವರು ಗೊತ್ತಿದ್ದರೆ ಕೇಳಿ ನೋಡಿ. ಕಾಫಿ ಕುಡಿಯುತ್ತಾ ಅವರು ಬರೀ ‘ಸೀನಿಯಾರಿಟಿ’ ಅನ್ನುತ್ತಾರೆ ಅಂದರೆ, ನಾನೂ ಸುಮ್ನೆ ಸೀನಿಯಾರಿಟಿ ಅಂತಲೇ ಇಟ್ಟುಕೊಂಡು, ವಿವರಣೆಯಲ್ಲಿ ಮಾತ್ರ ಸರತಿಯನ್ನು ತರುತ್ತೇನೆ.

ಉತ್ತರವನ್ನು ನನಗೊಬ್ಬನಿಗೇ ಕಳಿಸದೆ ಬಳಗಕ್ಕೇ ಹಾಕಿ.