ಸರ್ವರ್‌ನಿಂದ ಬಂದ ಪಿಡಿಎಫ್ ಬ್ರೌಸರ್‌ನಲ್ಲಿ ಖಾಲಿ ಪುಟವಾಗಿ ತೆರೆಯುತ್ತಿದೆ

ಪ್ರಶ್ನೆ, ಚಿಕ್ಕಮಗಳೂರಿನಿಂದ:
ನಮಸ್ಕಾರ. ಕಾಫಿ ಬೆಳೆಗಾರರು ಕ್ಯೂರಿಂಗ್‌ಗೆ (ಸಂಸ್ಕರಣೆಗೆ) ತಂದು ಹಾಕುವ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಬೀಜ) ಮತ್ತು ಚೆರಿ (ಹಣ್ಣನ್ನು ಹಾಗೆಯೇ ಒಣಗಿಸಿದ್ದು) ಮೂಟೆಗಳ ತೂಕದ ಚೀಟಿಯನ್ನು ಪಿಡಿಎಫ್ ರೂಪದಲ್ಲಿ ಕೊಡುವ ಸಣ್ಣದೊಂದು ಆ್ಯಪ್ ಮಾಡುತ್ತಿದ್ದೇನೆ. ಚೀಟಿಯನ್ನು ಸರ್ವರ್ ತಯಾರಿಸುತ್ತದೆ; ಬ್ರೌಸರ್‌ನಲ್ಲಿರುವ ಆ್ಯಪ್ ಅದನ್ನು ಆಕ್ಸಿಯೋಸ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿಯ ಮೂಲಕ ತರಿಸಿಕೊಂಡು, ಬ್ಲಾಬ್ (ಬೈಟ್‌ಗಳನ್ನು ಹಾಗೆಯೇ ಹಿಡಿದಿಡುವ ವಸ್ತು) ಮಾಡಿ, ಡೌನ್‌ಲೋಡ್‌ಗೆ ಒದಗಿಸುತ್ತದೆ. ಸರ್ವರ್‌ನಲ್ಲೇ ತೆರೆದರೆ ಚೀಟಿ ಸರಿಯಾಗಿದೆ. ಇಳಿಸಿಕೊಂಡ ಪ್ರತಿಯಲ್ಲಿ ಪುಟಗಳೇನೋ ಎರಡಿವೆ, ಆದರೆ ಎರಡೂ ಖಾಲಿ. ಅಲ್ಲಿ 84 ಕೆಬಿ ಇದ್ದ ಫೈಲ್ ಇಲ್ಲಿ 150 ಕೆಬಿ ಆಗಿದೆ. ಬೇಸ್64 (ಬೈಟ್‌ಗಳನ್ನು ಸರಳ ಅಕ್ಷರಗಳಾಗಿ ಬರೆಯುವ ವಿಧಾನ) ಮಾಡಿ ಜೇಸನ್ (ಪಠ್ಯರೂಪದ ದತ್ತಾಂಶ) ಒಳಗೆ ಕಳುಹಿಸಿದರೆ ಸರಿಹೋದೀತೇ?

ಉತ್ತರ, ಹಾಸನದಿಂದ:
ಪುಟಗಳ ಎಣಿಕೆ ಸರಿಯಿದ್ದು ಒಳಗೆ ಏನೂ ಕಾಣದಿರುವುದು ಮತ್ತು ಗಾತ್ರ ಇಮ್ಮಡಿಯ ಹತ್ತಿರ ಬೆಳೆದಿರುವುದು, ಇವೆರಡನ್ನು ನೋಡಿದರೆ ನಿಮ್ಮ ಫೈಲನ್ನು ಬ್ರೌಸರ್ ಪಠ್ಯವೆಂದು ಓದಿದೆ ಎಂದು ಧೈರ್ಯವಾಗಿ ಹೇಳಬಹುದು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಅರ್ಥವಾಗದ ಬೈಟ್ ಸಿಕ್ಕಿದಾಗಲೆಲ್ಲ ಅದರ ಜಾಗದಲ್ಲಿ ಒಂದು ಬದಲಿ ಅಕ್ಷರ ಕೂರುತ್ತದೆ, ಉಳಿಸುವಾಗ ಆ ಅಕ್ಷರ ಮೂರು ಬೈಟ್ ತಿನ್ನುತ್ತದೆ. ಫೈಲಿನ ಬೈಟ್‌ಗಳನ್ನು ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದು ನೋಡಿ: ಆ ಬದಲಿ ಅಕ್ಷರದ ‘ಇಎಫ್ ಬಿಎಫ್ ಬಿಡಿ’ ಎಂಬ ಮೂರು ಬೈಟ್‌ಗಳು ಸಾಲುಸಾಲಾಗಿ ಕಾಣುತ್ತವೆ. ಪಿಡಿಎಫ್‌ನ ಪುಟಗಳ ಚೌಕಟ್ಟು ಸಾಮಾನ್ಯವಾಗಿ ಸರಳ ಅಕ್ಷರಗಳಲ್ಲಿರುವುದರಿಂದ ಅದು ಬದುಕುತ್ತದೆ, ಕುಗ್ಗಿಸಿಟ್ಟ ಒಳಹೂರಣ ಮಾತ್ರ ಕೆಡುತ್ತದೆ. ಹೀಗೆ ಕೆಟ್ಟದ್ದನ್ನು ಆಮೇಲೆ ಬ್ಲಾಬ್ ಮಾಡಿ ಪ್ರಯೋಜನವಿಲ್ಲ. ಕೋರಿಕೆ ಕಳುಹಿಸುವಾಗಲೇ ಆಕ್ಸಿಯೋಸ್‌ನ ರೆಸ್ಪಾನ್ಸ್‌ಟೈಪ್ (ಉತ್ತರ ಯಾವ ರೂಪದಲ್ಲಿ ಬೇಕೆಂಬ ಆಯ್ಕೆ) ‘ಬ್ಲಾಬ್’ ಎಂದು ತಿಳಿಸಬೇಕು. ಸರ್ವರ್ ಕಡೆ ಕಂಟೆಂಟ್-ಟೈಪ್ ಹೆಡರ್ (ಉತ್ತರದ ಜೊತೆ ಬರುವ, ಅದರ ಬಗೆ ತಿಳಿಸುವ ಸಾಲು) ‘ಅಪ್ಲಿಕೇಶನ್/ಪಿಡಿಎಫ್’ ಎಂದಿರಲಿ.

ಉತ್ತರ, ಸಕಲೇಶಪುರದಿಂದ:
ಬೇಸ್64 ದಾರಿಗೆ ದಯವಿಟ್ಟು ಹೋಗಬೇಡಿ. ಅದರಲ್ಲಿ ಪ್ರತಿ 3 ಬೈಟ್ 4 ಅಕ್ಷರವಾಗುತ್ತದೆ, ಅಂದರೆ ಗಾತ್ರ ಸುಮಾರು 33% ಹೆಚ್ಚುತ್ತದೆ. ಮಳೆಗಾಲದಲ್ಲಿ ತೋಟದೊಳಗೆ ಒಂದೇ ಕಡ್ಡಿ ಸಿಗ್ನಲ್ ಹಿಡಿದು ನಿಂತು ಚೀಟಿ ತೆರೆಯುವವರಿಗೆ ಅದು ದೊಡ್ಡ ಹೊರೆ. ಜೇಸನ್ ಜೊತೆ ಬೇರೆ ವಿವರಗಳೂ ಒಟ್ಟಿಗೇ ಬರಲೇಬೇಕಾದ, ಫೈಲ್ ತೀರ ಚಿಕ್ಕದಾಗಿರುವ ಸಂದರ್ಭಕ್ಕೆ ಮಾತ್ರ ನಾನು ಅದನ್ನು ಬಳಸುತ್ತೇನೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ರೆಸ್ಪಾನ್ಸ್‌ಟೈಪ್ ಸೇರಿಸಿದ ಕೂಡಲೇ ಚೀಟಿ ಸರಿಯಾಗಿ ತೆರೆಯಿತು, ಗಾತ್ರವೂ 84 ಕೆಬಿಗೆ ಇಳಿಯಿತು. ಆದರೆ ಈಗ ಎರಡು ತೊಡಕುಗಳಿವೆ. ಸರ್ವರ್ ಕಂಟೆಂಟ್-ಡಿಸ್ಪೊಸಿಶನ್ ಹೆಡರ್‌ನಲ್ಲಿ ಕಳುಹಿಸುವ ಫೈಲ್ ಹೆಸರು ಆ್ಯಪ್‌ಗೆ ಕಾಣುತ್ತಿಲ್ಲ; ಚೀಟಿ ಸಿಗದಿದ್ದಾಗ ಸರ್ವರ್ ಕೊಡುವ ದೋಷದ ಸಂದೇಶವನ್ನೂ ಓದಲಾಗುತ್ತಿಲ್ಲ.

ಉತ್ತರ, ಹಾಸನದಿಂದ:
ಆ್ಯಪ್ ಒಂದು ಡೊಮೇನ್‌ನಲ್ಲಿ, ಸರ್ವರ್ ಇನ್ನೊಂದರಲ್ಲಿ ಇದ್ದರೆ ಆ ಹೆಡರನ್ನು ಬ್ರೌಸರ್ ತಾನಾಗಿ ಆ್ಯಪ್‌ಗೆ ತೋರಿಸುವುದಿಲ್ಲ. ಆಕ್ಸೆಸ್-ಕಂಟ್ರೋಲ್-ಎಕ್ಸ್‌ಪೋಸ್-ಹೆಡರ್ಸ್ ಎಂಬ ಇನ್ನೊಂದು ಹೆಡರ್‌ನಲ್ಲಿ ಅದರ ಹೆಸರನ್ನು ಸರ್ವರ್ ಸೇರಿಸಬೇಕು. ಆದರೆ ಚೀಟಿಯ ಸಂಖ್ಯೆ ನಿಮ್ಮ ಆ್ಯಪ್‌ಗೆ ಮೊದಲೇ ಗೊತ್ತಿರುವಾಗ ಇಷ್ಟೆಲ್ಲ ಏಕೆ? ಲಿಂಕ್‌ನ ಡೌನ್‌ಲೋಡ್ ಗುಣದಲ್ಲಿ ಆ ಸಂಖ್ಯೆಯನ್ನೇ ಹೆಸರಾಗಿ ಕೊಡಿ.

ದೋಷದ ಸಂದೇಶವೂ ಈಗ ಬ್ಲಾಬ್ ಆಗಿಯೇ ಬರುತ್ತದೆ. ದೋಷಗಳನ್ನು ಹಿಡಿಯುವ ಕ್ಯಾಚ್ ಭಾಗದಲ್ಲಿ ಆ ಬ್ಲಾಬ್‌ನ ಟೆಕ್ಸ್ಟ್ ವಿಧಾನವನ್ನು ಕರೆದು, ಬಂದ ಪಠ್ಯವನ್ನು ಜೇಸನ್ ಆಗಿ ಓದಿಕೊಳ್ಳಿ. ಡೌನ್‌ಲೋಡ್ ಮುಗಿದ ಮೇಲೆ, ಬ್ಲಾಬ್‌ಗೆ ಕೊಟ್ಟ ತಾತ್ಕಾಲಿಕ ವಿಳಾಸವನ್ನು ರದ್ದುಮಾಡುವ ರಿವೋಕ್‌ಆಬ್ಜೆಕ್ಟ್‌ಯುಆರ್‌ಎಲ್ ಕರೆಯುವುದನ್ನು ಮರೆಯಬೇಡಿ. ಇಲ್ಲದಿದ್ದರೆ ದಿನವಿಡೀ ತೆರೆದಿರುವ ತೂಕದ ಕೌಂಟರಿನ ಕಂಪ್ಯೂಟರಿನಲ್ಲಿ ಪ್ರತಿ ಚೀಟಿಯೂ ಮೆಮೊರಿಯಲ್ಲಿ ಹಾಗೆಯೇ ಉಳಿದುಬಿಡುತ್ತದೆ.